ಕೊಡದ ಓಲೆ, ಕಾಣದ ನಾಣ್ಯ

ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದು, ಆರಿಸುವುದಕ್ಕೆ ಕಾರಣವೇ ದೊರೆಯದೆ ಹೋದಾಗ ಮನುಷ್ಯನು ತನ್ನ ವಿವೇಕವನ್ನು ಬದಿಗಿರಿಸಿ ಒಂದು ನಾಣ್ಯವನ್ನೋ ಒಂದು ಚೀಟಿಯನ್ನೋ ಆಶ್ರಯಿಸುತ್ತಾನೆ. ಇದು ಬುದ್ಧಿಯ ಸೋಮಾರಿತನವೆಂದು ಹಳಿಯುವವರುಂಟು. ಆದರೆ ನಮ್ಮ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆ ಹಾಗೆ ಹಳಿದಿಲ್ಲ. ಅಭ್ಯರ್ಥಿಗಳಿಬ್ಬರಿಗೆ ಸಮಸಮವಾಗಿ ಮತಗಳು ಬಿದ್ದಲ್ಲಿ ಚುನಾವಣಾಧಿಕಾರಿಯು ಚೀಟಿ ಎತ್ತಿ ತೀರ್ಮಾನಿಸಬೇಕೆಂದೂ, ಚೀಟಿ ಯಾರ ಪಾಲಿಗೆ ಬಂದಿತೋ ಅವರಿಗೆ ಒಂದು ಮತ ಹೆಚ್ಚಾಗಿ ಬಿದ್ದಂತೆ ಎಣಿಸಬೇಕೆಂದೂ ಅದು ವಿಧಿಸುತ್ತದೆ. ಅಂದರೆ ಅದೃಷ್ಟವೂ ನಮ್ಮಲ್ಲಿ ಒಬ್ಬ ಮತದಾರ! ನನ್ನ ಕುತೂಹಲವಿರುವುದು ಚೀಟಿಯ ಮೇಲಲ್ಲ, ಅದನ್ನು ಎತ್ತುವ ಕೈಯ ಮೇಲೆ. ಆ ಕೈಯನ್ನು ನಂಬುವುದು ಹೇಗೆ?

ಈ ಪ್ರಶ್ನೆಗೆ ನಾನು ಬಲ್ಲಂತೆ ಅತ್ಯಂತ ವಿವರವಾದ ಹಳೆಯ ಉತ್ತರವು ಕಾಂಚೀಪುರದ ಸಮೀಪದ ಉತ್ತರಮೇರೂರಿನಲ್ಲಿ, ವೈಕುಂಠ ಪೆರುಮಾಳ್ ದೇಗುಲದ ಗೋಡೆಯ ಮೇಲಿದೆ. ಚೋಳ ದೊರೆ ಒಂದನೆಯ ಪರಾಂತಕನ ಕಾಲದಲ್ಲಿ, ಕ್ರಿ.ಶ. 919 ಮತ್ತು 921ರಲ್ಲಿ ಬರೆಸಿದ ಶಾಸನಗಳು ಅವು. ಊರಿನ ಸಭೆಗೆ ವಾರ್ಷಿಕ ಸಮಿತಿ, ತೋಟದ ಸಮಿತಿ, ಕೆರೆಯ ಸಮಿತಿಗಳನ್ನು ಆರಿಸುವ ಆ ಪದ್ಧತಿಗೆ ‘ಕುಡವೋಲೈ’ ಎಂದು ಹೆಸರು. ಕನ್ನಡಿಗನಿಗೆ ಈ ಮಾತಿಗೆ ನಿಘಂಟು ಬೇಡ. ಕೊಡ ಮತ್ತು ಓಲೆ, ಅಷ್ಟೇ.

ಮೂವತ್ತು ಕೇರಿಗಳು. ಒಂದೊಂದು ಕೇರಿಯವರೂ ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕಟ್ಟು ಕಟ್ಟಿ, ಕೇರಿಯ ಹೆಸರಿನ ಪಟ್ಟಿ ಸಿಕ್ಕಿಸಿ ಕೊಡದೊಳಗೆ ಹಾಕುವರು. ಹಿರಿಯರು ಕಿರಿಯರೆಲ್ಲ ಸೇರಿದ ಸಭೆಯಲ್ಲಿ, ಊರಲ್ಲಿರುವ ಅರ್ಚಕರೆಲ್ಲರ ಸಮಕ್ಷಮದಲ್ಲಿ, ಅವರ ಪೈಕಿ ಹಿರಿಯನಾದವನು ಎದ್ದು ನಿಂತು ಎಲ್ಲರಿಗೂ ಕಾಣುವಂತೆ ಆ ಕೊಡವನ್ನು ಎತ್ತಿ ಹಿಡಿಯುವನು. ಒಳಗಿರುವುದೇನೆಂದು ಅರಿಯದ ಒಬ್ಬ ಬಾಲಕನು ಒಂದು ಕಟ್ಟನ್ನು ತೆಗೆಯುವನು. ಕಟ್ಟು ಬಿಚ್ಚಿ ಓಲೆಗಳನ್ನು ಬೇರೊಂದು ಬರಿಯ ಕೊಡಕ್ಕೆ ಸುರಿದು ಕಲಕಿದ ಮೇಲೆ, ಅದೇ ಬಾಲಕನು ಒಂದೇ ಒಂದು ಓಲೆಯನ್ನೆತ್ತಿ ಮಧ್ಯಸ್ಥನ ಕೈಗೆ ಕೊಡಬೇಕು. ಮಧ್ಯಸ್ಥನಾದರೋ ಅದನ್ನು ಐದು ಬೆರಳುಗಳನ್ನೂ ಅಗಲಿಸಿದ ಅಂಗೈಯಲ್ಲಿ ಸ್ವೀಕರಿಸಬೇಕು! ಅವನು ಓದಿದ ಹೆಸರನ್ನು ಅರ್ಚಕರೆಲ್ಲರೂ ಮತ್ತೊಮ್ಮೆ ಓದಬೇಕು. ಆಮೇಲೆ ತಾನೆ ಹೆಸರು ದಾಖಲೆಗೇರುವುದು.

ಆ ಅಗಲಿಸಿದ ಐದು ಬೆರಳುಗಳನ್ನು ಶಾಸನದಲ್ಲಿ ಕಂಡರಿಸಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು. ಬೆರಳ ಸಂದಿಯಲ್ಲಿ ಇನ್ನೊಂದು ಓಲೆ ಅಡಗಿರಬಹುದೆಂಬ ಶಂಕೆ ಅವರಿಗಿತ್ತು. ಬಹುಶಃ ಅನುಭವವೂ ಇದ್ದೀತು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳಕೂಡದು. ಅವನ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳದ್ದೂ ಸೋದರತ್ತೆಯ ಮಕ್ಕಳದ್ದೂ ಬೀಳಕೂಡದು. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನಿಗೂ ಅವಕಾಶವಿಲ್ಲ.

ಇದನ್ನು ಪ್ರಜಾಪ್ರಭುತ್ವದ ತೊಟ್ಟಿಲೆಂದು ಕೊಂಡಾಡುವ ಭಾಷಣಗಳನ್ನು ನಾನು ಬಹಳ ಕೇಳಿದ್ದೇನೆ. ಆ ಉತ್ಸಾಹದಲ್ಲಿ ನಾನು ಪಾಲುಗೊಳ್ಳಲಾರೆ. ಅದು ಬ್ರಾಹ್ಮಣರ ಅಗ್ರಹಾರದ ಸಭೆ. ಓಲೆಯಲ್ಲಿ ಹೆಸರು ಬರಬೇಕಾದರೆ ತೆರಿಗೆ ಸಲ್ಲುವ ಕಾಲು ವೇಲಿಗಿಂತ ಹೆಚ್ಚು ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ಮೂವತ್ತೈದಕ್ಕೆ ಮೇಲ್ಪಟ್ಟು ಎಪ್ಪತ್ತರ ಒಳಗಿನ ವಯಸ್ಸು, ವೇದದ ಅರಿವು, ಇಷ್ಟೂ ಬೇಕು. ವೇದವನ್ನೂ ಭಾಷ್ಯವನ್ನೂ ಬಲ್ಲವನಿಗೆ ಭೂಮಿಯಲ್ಲಿ ಅರ್ಧ ರಿಯಾಯಿತಿ. ಆ ಭೂಮಿಯನ್ನು ಉತ್ತವರ ಹೆಸರಾಗಲಿ, ಕೆರೆಯ ನೀರು ಹೊತ್ತ ಹೆಂಗಸರ ಹೆಸರಾಗಲಿ ಕೊಡದ ಹತ್ತಿರವೂ ಸುಳಿಯಲಿಲ್ಲ. ಕೊಡದೊಳಗೆ ಬಿದ್ದವರ ನಡುವೆ ನಿಷ್ಪಕ್ಷಪಾತವೇನೋ ಇತ್ತು. ಯಾರು ಬೀಳಬೇಕೆಂಬುದನ್ನು ಮಾತ್ರ ಯಾವ ಬಾಲಕನೂ ಎತ್ತಿ ಹೇಳಲಿಲ್ಲ.

ಕಲಕುವ ವಿಚಾರಕ್ಕೆ ಬರೋಣ. ಸಾವಿರ ವರ್ಷಗಳ ಹಿಂದಿನ ಹಳ್ಳಿಗರು ನೆನಪಿನಲ್ಲಿಟ್ಟುಕೊಂಡದ್ದನ್ನು ಅಮೆರಿಕದ ಸರಕಾರ ಮರೆಯಿತು. 1969ರ ಡಿಸೆಂಬರ್ 1ರಂದು ವಿಯೆಟ್ನಾಂ ಯುದ್ಧಕ್ಕೆ ತರುಣರನ್ನು ಕರೆಯುವ ಸರದಿಯನ್ನು ವಾಷಿಂಗ್ಟನ್ನಿನಲ್ಲಿ ಚೀಟಿಯಿಂದ ಗೊತ್ತುಮಾಡಲಾಯಿತು. 366 ಪ್ಲಾಸ್ಟಿಕ್ ಗುಳಿಗೆಗಳು. ಒಂದೊಂದರಲ್ಲಿ ವರ್ಷದ ಒಂದೊಂದು ದಿನಾಂಕ. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರು ಮೊದಲು ಹೊರಡಬೇಕು. ಆದರೆ ಗುಳಿಗೆಗಳನ್ನು ಪೆಟ್ಟಿಗೆಗೆ ತಿಂಗಳುಗಳ ಕ್ರಮದಲ್ಲಿಯೇ ಹಾಕಿದ್ದರು, ಸಾಕಷ್ಟು ಕಲಕಲಿಲ್ಲ. ವರ್ಷದ ಕೊನೆಯ ತಿಂಗಳುಗಳು ಬೇಗ ಬೇಗ ಬಂದುವು. ಆ ಸರದಿಯಲ್ಲಿ 195ನೆಯ ಸಂಖ್ಯೆಯವರೆಗೆ ಕರೆ ಹೋಯಿತು. ಡಿಸೆಂಬರಿನ 31 ದಿನಗಳಲ್ಲಿ ಕರೆಯಿಂದ ಪಾರಾದುವು ಐದೇ ದಿನಗಳು. ನ್ಯಾಯವಾಗಿ ಹದಿನಾಲ್ಕು ಪಾರಾಗಬೇಕಿತ್ತು. ಇಲ್ಲಿ ಯಾರೂ ಮೋಸ ಮಾಡಲಿಲ್ಲ, ನಿಜ. ಆದರೆ ಡಿಸೆಂಬರಿನಲ್ಲಿ ಮಗನನ್ನು ಹೆತ್ತ ತಾಯಿಗೆ ಆ ಮಾತಿನಿಂದ ಏನು ಸಮಾಧಾನ? ಮರುವರ್ಷ ದಿನಾಂಕಗಳಿಗೊಂದು, ಸಂಖ್ಯೆಗಳಿಗೊಂದು ಎಂದು ಎರಡು ಪೀಪಾಯಿಗಳನ್ನಿಟ್ಟು ತಿರುಗಿಸಿದರು.

ಸಭೆಯೇ ಇಲ್ಲದಿದ್ದರೆ? ಇಬ್ಬರೇ ಇದ್ದು, ಅವರೂ ಬೇರೆ ಬೇರೆ ಊರುಗಳಲ್ಲಿದ್ದು, ಪರಸ್ಪರ ನಂಬಿಕೆಯೂ ಇಲ್ಲದಿದ್ದರೆ? 1981ರಲ್ಲಿ ಮ್ಯಾನುಯೆಲ್ ಬ್ಲಮ್ ಎಂಬ ಗಣಕವಿಜ್ಞಾನಿ ಈ ಪ್ರಶ್ನೆಯನ್ನು ಒಂದು ಸಣ್ಣ ಕಥೆಯಾಗಿ ಒಡ್ಡಿದ. ವಿಚ್ಛೇದನ ಪಡೆದ ಗಂಡ ಹೆಂಡಿರು ಕಾರು ಯಾರಿಗೆಂದು ಟೆಲಿಫೋನಿನಲ್ಲಿ ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ಚಿಮ್ಮಿದವರು ಹೇಳಿದ್ದನ್ನು ಕೇಳುವವರು ನಂಬುವುದೆಂತು?

ಉಪಾಯದ ತಿರುಳನ್ನು ಹೀಗೆ ಹೇಳಬಹುದು. ಅವಳು ಎರಡು ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿಕೊಳ್ಳುತ್ತಾಳೆ. ನಾಲ್ಕರಿಂದ ಭಾಗಿಸಿದಾಗ ಎರಡರಲ್ಲೂ ಒಂದು ಉಳಿಯಬೇಕು, ಇಲ್ಲವೆ ಎರಡರಲ್ಲೂ ಮೂರು ಉಳಿಯಬೇಕು. 5 ಮತ್ತು 13 ಮೊದಲ ಬಗೆ, 7 ಮತ್ತು 11 ಎರಡನೆಯದು. ಅವುಗಳ ಗುಣಲಬ್ಧವನ್ನಷ್ಟೇ ಅವನಿಗೆ ತಿಳಿಸುತ್ತಾಳೆ. 65 ಆಗಲಿ 77 ಆಗಲಿ, ನಾಲ್ಕರಿಂದ ಭಾಗಿಸಿದರೆ ಉಳಿಯುವುದು ಒಂದೇ, ಗುಟ್ಟು ಹೊರಬೀಳದು. ಅವನು ಯಾವ ಬಗೆಯೆಂದು ಊಹಿಸಬೇಕು, ಊಹೆ ಸರಿಯಾದರೆ ಕಾರು ಅವನದು. ಆಮೇಲೆ ಅವಳು ಮೂಲ ಸಂಖ್ಯೆಗಳನ್ನು ಬಿಚ್ಚಿಡುತ್ತಾಳೆ; ಅವನು ಗುಣಿಸಿ ನೋಡುತ್ತಾನೆ. 77ನ್ನು ಒಡೆಯುವುದು ಮಕ್ಕಳಾಟ. ನೂರಾರು ಅಂಕಿಗಳ ಗುಣಲಬ್ಧವನ್ನು ಒಡೆಯುವುದು ಇಂದಿನ ಗಣಕಯಂತ್ರಗಳಿಗೂ ಅಸಾಧ್ಯವೆನಿಸುವಷ್ಟು ಕಠಿಣ. ಅತ್ತ ಅವಳೂ ಮಾತು ಬದಲಿಸಲಾರಳು. ಒಂದು ಸಂಖ್ಯೆ ಅವಿಭಾಜ್ಯಗಳಾಗಿ ಒಡೆಯುವುದು ಒಂದೇ ರೀತಿಯಲ್ಲಿ. ಕೊಡ, ಬಾಲಕ, ಅಗಲಿಸಿದ ಬೆರಳು ಎಲ್ಲವೂ ಅಂಕಿಗಳಲ್ಲೇ ಅಡಗಿದುವು.

ಒಂದು ಬಿರುಕು ಮಾತ್ರ ಉಳಿಯಿತು. ಸೋತೆನೆಂದು ತಿಳಿದ ಕ್ಷಣದಲ್ಲಿ ಅವಳು, ಮೂಲ ಸಂಖ್ಯೆಗಳನ್ನು ಹೇಳದೆ, ರಿಸೀವರನ್ನು ಕೆಳಗಿಟ್ಟುಬಿಟ್ಟರೆ? 1986ರಲ್ಲಿ ರಿಚರ್ಡ್ ಕ್ಲೀವ್ ಎಂಬಾತ ಗಣಿತದಿಂದಲೇ ಸಾಧಿಸಿ ತೋರಿಸಿದ: ಇಬ್ಬರೇ ಆಡುವ ಇಂಥ ಆಟದಲ್ಲಿ ನಡುವೆ ಎದ್ದು ಹೋಗುವವನಿಗೆ ದಕ್ಕುವ ಲಾಭವನ್ನು, ಸುತ್ತುಗಳನ್ನು ಎಷ್ಟೇ ಹೆಚ್ಚಿಸಿದರೂ, ಕುಗ್ಗಿಸಬಹುದೇ ಹೊರತು ಪೂರ್ತಿಯಾಗಿ ಅಳಿಸಲಾಗದು. ಉತ್ತರಮೇರೂರಿನಲ್ಲಿ ಹಾಗೆ ಎದ್ದು ಹೋಗುವಂತಿರಲಿಲ್ಲ. ಊರೇ ಎದುರಿಗೆ ಕುಳಿತಿತ್ತು.