ಫ್ಲೋರೋಸಿಸ್: ಯಾದಗಿರಿ ಸೀಮೆಯ ಕೀಲುಬೇನೆ ಮತ್ತು ಬುದ್ಧಿಯ ಪ್ರಶ್ನೆ

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಎಲುಬು, ಕೀಲುಗಳಿಗೆ ಅಂಟಿಕೊಳ್ಳುವ ದೀರ್ಘಕಾಲದ ರೋಗವೇ ಫ್ಲೋರೋಸಿಸ್. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಬಹುಭಾಗದಲ್ಲಿ ನೆಲದಡಿ ಗ್ರಾನೈಟ್ ಮತ್ತು ನೈಸ್ ಬಂಡೆಗಳಿವೆ. ಅವುಗಳ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಸವಳು ನೀರಾದರೆ ನಾಲಿಗೆಯೇ ಬೇಡ ಎನ್ನುತ್ತದೆ. ಆದರೆ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೀಗಾಗಿ ಸೊಂಟ, ಮೊಣಕಾಲು ಹಿಡಿದುಕೊಂಡಾಗ ಜನ ವಾಯು ಎಂದರು, ವಯಸ್ಸಾಯಿತು ಎಂದರು, ಬೋರಿಂಗ್ ನೀರಿನ ಮೇಲೆ ಅನುಮಾನ ಪಡಲಿಲ್ಲ.

ಭಾರತದಲ್ಲಿ ಈ ರೋಗದ ಮೊದಲ ವಿವರವಾದ ವರದಿ ಬಂದದ್ದು 1937ರಲ್ಲಿ. ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಪರೀಕ್ಷಿಸಿ ಅದನ್ನು ಬರೆದರು. 1955ರಲ್ಲಿ ಎ. ಎಚ್. ಸಿದ್ದಿಕಿ ನಲ್ಗೊಂಡದ ರೋಗಿಗಳ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆಗ ನಲ್ಗೊಂಡವೂ, ಯಾದಗಿರಿ ಸೇರಿದ್ದ ಗುಲಬರ್ಗಾ ಜಿಲ್ಲೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಬೆನ್ನೆಲುಬು ಬೆಳೆದು ಬೆನ್ನುಹುರಿಯನ್ನು ಒತ್ತಿದಾಗ ಕೈಕಾಲಿನ ಶಕ್ತಿ ಉಡುಗುತ್ತದೆ. ಕೀಲಿನಲ್ಲಿ ಶುರುವಾದ ರೋಗ ನರಕ್ಕೂ ತಲುಪುತ್ತದೆ ಎಂಬುದು ಅಂದಿನಿಂದಲೇ ವೈದ್ಯರಿಗೆ ಗೊತ್ತು.

1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಇನ್ನೊಂದು ಸಂಗತಿ ಕಂಡರು: ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ. ಜೋಳದ ರೊಟ್ಟಿಯೇ ಊಟವಾದ ಸೀಮೆಗೆ ಇದು ಹಿತವಾದ ಸುದ್ದಿಯಲ್ಲ. ಆದರೂ ತಪ್ಪು ರೊಟ್ಟಿಯದಲ್ಲ, ನೀರಿನದು. ಅದೇ ದಶಕದಲ್ಲಿ ಬರಗಾಲದ ಬೆನ್ನಿಗೇ ಹಳ್ಳಿಹಳ್ಳಿಗೆ ಕೈಪಂಪು ಬಂದವು. ದೇಶವೆಲ್ಲ ಹರಡಿದ ಇಂಡಿಯಾ ಮಾರ್ಕ್ 2 ಪಂಪಿನ ಮೂಲ ಮಾದರಿ ಪಕ್ಕದ ಸೊಲ್ಲಾಪುರದ್ದು. ತೆರೆದ ಬಾವಿ, ಕೆರೆಗಳ ನೀರಿನಿಂದ ಬರುತ್ತಿದ್ದ ಕಾಲರಾ, ನಾರುಹುಣ್ಣುಗಳಿಗೆ ಅವು ತಡೆ ಹಾಕಿದವು, ಜತೆಗೆ ಆಳದ ಫ್ಲೋರೈಡನ್ನೂ ಕೊಡಕ್ಕೆ ತಂದವು.

ರೋಗ ಪತ್ತೆಗೆ ದೊಡ್ಡ ಯಂತ್ರ ಬೇಕಿಲ್ಲ. ನೆಲದ ಮೇಲೊಂದು ನಾಣ್ಯ ಇಟ್ಟು, ಮೊಣಕಾಲು ಮಡಿಸದೆ ಬಾಗಿ ಎತ್ತಲು ಹೇಳುತ್ತಾರೆ. ಗದ್ದವನ್ನು ಎದೆಗೆ ತಾಗಿಸಿ, ಎರಡೂ ಕೈಯನ್ನು ತಲೆಯ ಹಿಂದೆ ಒಯ್ಯಿರಿ ಎನ್ನುತ್ತಾರೆ. ಬೆನ್ನು ಬಿಗಿದವರಿಗೆ ನಾಣ್ಯ ಸಿಗುವುದಿಲ್ಲ. ಮಕ್ಕಳಲ್ಲಾದರೆ ಹಲ್ಲಿನ ಮೇಲೆ ಅಡ್ಡಡ್ಡ ಮೂಡಿದ ಕಂದುಗೆರೆಯೇ ಸಾಕ್ಷಿ.

ಫ್ಲೋರೈಡ್ ಮಕ್ಕಳ ಬುದ್ಧಿಯನ್ನೂ ತಗ್ಗಿಸುತ್ತದೆಯೇ ಎಂಬ ಪ್ರಶ್ನೆ ಎದ್ದದ್ದು ತಡವಾಗಿ, ಮುಖ್ಯವಾಗಿ ಚೀನಾದ ಹಳ್ಳಿಗಳಿಂದ. ಅಲ್ಲಿನವೇ ಹೆಚ್ಚಾಗಿದ್ದ 27 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಒಂದು ವಿಶ್ಲೇಷಣೆ ಬಂತು. ಅದಕ್ಕೂ ಮುಂಚೆ 2011ರಲ್ಲಿ, ಯಾದಗಿರಿ ಸೀಮೆಗೂ ಹರಿದುಬರುವ ಕೃಷ್ಣಾ ನದಿಯ ಮೇಲ್ದಂಡೆಯ ಬಾಗಲಕೋಟೆ ಜಿಲ್ಲೆಯ ಶಾಲಾಮಕ್ಕಳನ್ನು ಪರೀಕ್ಷಿಸಿದ ದಂತವೈದ್ಯರು, ಹಲ್ಲಿನ ಫ್ಲೋರೋಸಿಸ್ ಇದ್ದವರ ಬುದ್ಧಿಮತ್ತೆಯ ಸರಾಸರಿ ಅಂಕ ಕಡಿಮೆ ಎಂದು ವರದಿ ಮಾಡಿದರು. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2024ರಲ್ಲಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿ ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮತ್ತೆ ತಗ್ಗುವುದಕ್ಕೂ ನಂಟಿದೆ ಎಂದು ಸಾಧಾರಣ ಭರವಸೆಯಿಂದ ಹೇಳಿತು.

ದೊಡ್ಡವರ ವಿಷಯದಲ್ಲಿ ಹೀಗೆ ಹೇಳಲು ಬರುವುದಿಲ್ಲ. ಅಜ್ಜನ ಮೊಣಕಾಲಿಗೂ ಅವನ ಮರೆವಿಗೂ ಒಂದೇ ನೀರು ಕಾರಣವೆನ್ನುವುದಕ್ಕೆ ಸಾಕಷ್ಟು ಆಧಾರವಿಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿಮಾಡಿದ, ಮರೆವಿನ ರೋಗ ಬರುವ ಸಾಧ್ಯತೆ ಹೆಚ್ಚಿಸುವ 14 ಸಂಗತಿಗಳಲ್ಲಿ ಕೀಲುರೋಗ ಇಲ್ಲ. ಆದರೆ ಓಡಾಟ ಕಡಿಮೆಯಾಗುವುದು, ಖಿನ್ನತೆ, ಒಂಟಿತನ ಇವೆ. ಕೀಲು ಹಿಡಿದು ಕಟ್ಟೆಗೆ ಬರಲಾಗದೆ ಮನೆಯ ಮೂಲೆ ಸೇರಿದವರಿಗೆ ಈ ಮೂರೂ ಒಟ್ಟಿಗೇ ಬರುವುದುಂಟು.

ಬಿಗಿದ ಬೆನ್ನೆಲುಬನ್ನು ಸಡಿಲಿಸುವ ಔಷಧಿ ಇಲ್ಲ. ಇರುವ ದಾರಿ ನೀರು ಬದಲಿಸುವುದೊಂದೇ: ನದಿ ನೀರು, ಮಳೆ ನೀರು, ಇಲ್ಲವೇ ಫ್ಲೋರೈಡ್ ಸೋಸುವ ಘಟಕದ ನೀರು. ಭಾರತದ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದ ಮೇಲೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.