ಪೀಠದ ಮೇಲಿನ ಸಹಿ
ಬೇಲೂರು ತಾಲ್ಲೂಕಿನ ಹೊಯ್ಸಳ ಗುಡಿಗಳಲ್ಲಿ ಅನೇಕ ಶಿಲ್ಪಿಗಳು ತಮ್ಮ ಕೆಲಸಕ್ಕೆ ಸಹಿ ಹಾಕಿದ್ದಾರೆ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಜೊತೆಗೆ ಊರು, ತಂದೆಯ ಹೆಸರು, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳು. ವಿನಯ ಇವರಿಗೆ ಅಷ್ಟಾಗಿ ಒಗ್ಗಿದಂತಿಲ್ಲ.

ಅವರು ಬಳಸಿದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಜಡೆಯ ಎಳೆ, ಬಳೆಯ ಸಾಲು, ಸರದ ಮಣಿಗಳನ್ನು ಇಷ್ಟು ನವಿರಾಗಿ ಬಿಡಿಸಲು ಈ ಗುಣವೇ ನೆರವಾಯಿತು. ಒಂದು ಏಟು ತಪ್ಪಿದರೂ ತೆಳು ಎಳೆ ಮುರಿಯುತ್ತಿತ್ತು.

ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು 1196ರ ಅಮೃತಪುರದ ದೇವಾಲಯದಲ್ಲೂ ಹದಿಮೂರನೇ ಶತಮಾನದ ಸೋಮನಾಥಪುರದಲ್ಲೂ ಕಾಣುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.