ಪೆನ್ಸಿಲ್ವೇನಿಯಾದ ಮನೆಶಾಲೆಗಳಲ್ಲಿ ವರ್ಷಾಂತ್ಯದ ಮೌಲ್ಯಮಾಪನ: ಪರೀಕ್ಷೆಯ ಸ್ಥಾನವೇನು?

ಮಕ್ಕಳನ್ನು ಮನೆಯಲ್ಲೇ ಓದಿಸುವ ಕುಟುಂಬಗಳ ಮೇಲೆ ಎಷ್ಟು ನಿಗಾ ಇಡಬೇಕೆಂಬುದನ್ನು ಅಮೆರಿಕದಲ್ಲಿ ಆಯಾ ರಾಜ್ಯವೇ ನಿರ್ಧರಿಸುತ್ತದೆ. ಟೆಕ್ಸಾಸ್ ಪರೀಕ್ಷೆಯನ್ನೇ ಕೇಳುವುದಿಲ್ಲ. ನಾರ್ತ್ ಕೆರೊಲಿನಾ ಪ್ರತಿವರ್ಷ ಕೇಳುತ್ತದೆ. ಪೆನ್ಸಿಲ್ವೇನಿಯಾದ ಕಾನೂನು ಪರೀಕ್ಷೆಯ ಫಲಿತಾಂಶವನ್ನು ಸಾಕ್ಷ್ಯವಾಗಿ ಸ್ವೀಕರಿಸಿ, ತೀರ್ಮಾನವನ್ನು ಒಬ್ಬ ಅರ್ಹ ಮೌಲ್ಯಮಾಪಕರಿಗೆ ಬಿಡುತ್ತದೆ. ಈ ಕ್ರಮವೇ ಹೆಚ್ಚು ನ್ಯಾಯಯುತವೆಂಬುದು ಈ ಲೇಖನದ ವಾದ.

1988ಕ್ಕೆ ಮುಂಚೆ ಅಲ್ಲಿನ ಕಾನೂನು ಮನೆಯಲ್ಲಿ ಕಲಿಸುವವರು ತಕ್ಕ ಅರ್ಹತೆಯ ಖಾಸಗಿ ಬೋಧಕರಾಗಿರಬೇಕು ಎಂದಷ್ಟೇ ಹೇಳುತ್ತಿತ್ತು. ಆ ಅರ್ಹತೆ ಯಾವುದೆಂದು ನಿರ್ಣಯಿಸುವವರು ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟರು. ಹೀಗಾಗಿ ಒಂದು ಜಿಲ್ಲೆ ಒಪ್ಪಿದ್ದನ್ನು ಪಕ್ಕದ ಜಿಲ್ಲೆ ತಳ್ಳಿಹಾಕಬಹುದಿತ್ತು. ಜೆಫ್ರಿ ವಿರುದ್ಧ ಓಡೊನೆಲ್ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯ ಈ ಅಸ್ಪಷ್ಟತೆ ಸಂವಿಧಾನಕ್ಕೆ ವಿರುದ್ಧವೆಂದಿತು. ಅದೇ ವರ್ಷ, 1988ರಲ್ಲಿ, 169ನೇ ಕಾಯ್ದೆ ಬಂತು.

ಅದರ ಪ್ರಕಾರ ಪೋಷಕರು ಪ್ರತಿ ಮಗುವಿಗೂ ಒಂದು ಕಡತ ಇಡಬೇಕು. ಓದಿದ ಪುಸ್ತಕಗಳ ಹೆಸರುಗಳಿರುವ ದಾಖಲೆಯನ್ನು ಪಾಠ ನಡೆದ ಕಾಲದಲ್ಲೇ ಬರೆದಿಡಬೇಕು. ಮಗುವಿನ ಬರಹ, ಲೆಕ್ಕದ ಹಾಳೆ, ಚಿತ್ರಗಳಂಥ ಮಾದರಿಗಳೂ ಜೊತೆಗಿರಬೇಕು. 3, 5 ಮತ್ತು 8ನೇ ತರಗತಿಗಳಲ್ಲಿ ಮಾತ್ರ ಭಾಷೆ ಮತ್ತು ಗಣಿತದ ಪ್ರಮಾಣೀಕೃತ ಪರೀಕ್ಷೆ ಕಡ್ಡಾಯ. ತಂದೆತಾಯಿಗಳು ತಾವೇ ಅದನ್ನು ನಡೆಸುವಂತಿಲ್ಲ. ವರ್ಷದ ಕೊನೆಗೆ ಅರ್ಹ ಶಿಕ್ಷಕರೋ ಪರವಾನಗಿ ಪಡೆದ ಮನಶ್ಶಾಸ್ತ್ರಜ್ಞರೋ ಕಡತ ನೋಡಿ, ಮಗುವಿನೊಂದಿಗೆ ಮಾತಾಡಿ, ತಕ್ಕ ಶಿಕ್ಷಣ ನಡೆಯುತ್ತಿದೆಯೇ ಎಂದು ಬರೆದುಕೊಡುತ್ತಾರೆ. ಆ ಪತ್ರ ಜೂನ್ 30ರೊಳಗೆ ಜಿಲ್ಲೆಗೆ ತಲುಪಬೇಕು. ಇಷ್ಟು ಅಂಕ ಬಂದರೆ ಮಾತ್ರ ಪಾಸು ಎಂಬ ಗಡಿಯನ್ನು ಕಾಯ್ದೆ ಹಾಕಿಲ್ಲ. ಒಟ್ಟು ಕಲಿಕೆಯಲ್ಲಿ ನಿರಂತರ ಪ್ರಗತಿ ಕಾಣಬೇಕು, ಅಷ್ಟೇ.

ನೆರೆಯ ನ್ಯೂಯಾರ್ಕ್ ಗಡಿ ಹಾಕಿದೆ. ಅಲ್ಲಿ ಒಟ್ಟಾರೆ ಫಲಿತಾಂಶ 33ನೇ ಪರ್ಸೆಂಟೈಲ್ ದಾಟಬೇಕು, ಇಲ್ಲವೇ ಹಿಂದಿನ ಪರೀಕ್ಷೆಗಿಂತ ಒಂದು ವರ್ಷದ ಬೆಳವಣಿಗೆ ಕಾಣಬೇಕು. ಎರಡೂ ಇಲ್ಲದಿದ್ದರೆ ಮನೆಪಾಠವನ್ನು ಎರಡು ವರ್ಷದವರೆಗೆ ವಿಶೇಷ ನಿಗಾಕ್ಕೆ ಒಳಪಡಿಸಬಹುದು. ಎರಡನೆಯ ದಾರಿ ವಿವೇಕದ್ದು. ಮೊದಲನೆಯದರ ತರ್ಕ ಮಾತ್ರ ದುರ್ಬಲ. ಪರ್ಸೆಂಟೈಲ್ ಮಗು ಎಷ್ಟು ಕಲಿತಿದೆ ಎಂದು ಹೇಳುವುದಿಲ್ಲ. ಪರೀಕ್ಷೆಗೆ ಮಾನಕವಾದ ಗುಂಪಿನಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂದಷ್ಟೇ ತೋರಿಸುತ್ತದೆ. ಆ ಗುಂಪಿನ ಮಕ್ಕಳೆಲ್ಲ ಚೆನ್ನಾಗಿ ಕಲಿತಿದ್ದರೂ ಮೂರರಲ್ಲಿ ಒಂದು ಪಾಲು ಗೆರೆಯ ಕೆಳಗೇ ಉಳಿಯುತ್ತದೆ. ಶಾಲೆಯಲ್ಲಿ ಅದೇ ಸ್ಥಾನ ಪಡೆದ ಮಗುವಿನ ಶಾಲೆಯ ಅಸ್ತಿತ್ವವನ್ನು ಯಾರೂ ಪ್ರಶ್ನಿಸುವುದಿಲ್ಲ. ಓದು ನಿಧಾನವಾಗಿ ಕೈಹಿಡಿಯುವ ಮಗುವಿಗೆ ಇದರಿಂದ ಅನ್ಯಾಯವಾಗುತ್ತದೆ. ಸೆಪ್ಟೆಂಬರಿನಲ್ಲಿ ಒಂದು ಸಾಲು ಬರೆಯಲು ತಡವರಿಸಿದವಳು ಮೇ ತಿಂಗಳಲ್ಲಿ ಒಂದು ಪುಟ ಬರೆದಿದ್ದರೆ ಅದನ್ನು ತೋರಿಸುವುದು ಕಡತವೇ.

ಮನೆಶಾಲೆಯ ಸಮರ್ಥಕರು ಅಂಕಗಳನ್ನು ತಮ್ಮ ಪರವಾಗಿ ಬಳಸುವಾಗಲೂ ಎಚ್ಚರ ಬೇಕು. ಲಾರೆನ್ಸ್ ರಡ್ನರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20,760 ಮಕ್ಕಳ ಫಲಿತಾಂಶ ರಾಷ್ಟ್ರೀಯ ಸರಾಸರಿಗಿಂತ ಬಹಳ ಮೇಲಿತ್ತು. ಆದರೆ ಆ ಕುಟುಂಬಗಳೆಲ್ಲ ಒಂದೇ ಪರೀಕ್ಷಾ ಸೇವೆಯ ಗ್ರಾಹಕರು, ತಾವಾಗಿ ಮುಂದೆ ಬಂದವರು. ಶಾಲೆಗಳಿಗಿಂತ ಮನೆಪಾಠ ಮೇಲೆಂದು ಇದರಿಂದ ಸಾಧಿಸಲಾಗದೆಂದು ರಡ್ನರ್ ಅವರೇ ಎಚ್ಚರಿಸಿದ್ದರು.

ಪೆನ್ಸಿಲ್ವೇನಿಯಾದ ಕ್ರಮದಲ್ಲೂ ಕೊರತೆಯಿದೆ. 2014ರವರೆಗೆ ಸೂಪರಿಂಟೆಂಡೆಂಟರೂ ಕಡತ ನೋಡುತ್ತಿದ್ದರು. ಆ ವರ್ಷದ 196ನೇ ಕಾಯ್ದೆಯ ನಂತರ ಅವರಿಗೆ ತಲುಪುವುದು ಮೌಲ್ಯಮಾಪಕರ ಪತ್ರ ಮಾತ್ರ. ಎರಡೆರಡು ಪರಿಶೀಲನೆಯ ಹೊರೆ ಇಳಿದದ್ದು ಸರಿಯೇ. ಆದರೆ ಮೌಲ್ಯಮಾಪಕರನ್ನು ಆರಿಸಿ ಶುಲ್ಕ ಕೊಡುವವರು ಪೋಷಕರು. ಆದ್ದರಿಂದ ಇಡೀ ವ್ಯವಸ್ಥೆಯ ವಿಶ್ವಾಸಾರ್ಹತೆ ಮಗುವಿನೊಂದಿಗಿನ ಆ ಒಂದು ಮಾತುಕತೆಯ ಮೇಲೆ ನಿಂತಿದೆ. ಯಾವ ಮಾದರಿಗಳನ್ನು ನೋಡಿದೆ, ವರ್ಷದ ಆರಂಭಕ್ಕೂ ಕೊನೆಗೂ ಯಾವ ವ್ಯತ್ಯಾಸ ಕಂಡೆ ಎಂದು ಮೌಲ್ಯಮಾಪಕರು ನಾಲ್ಕು ಸಾಲಿನಲ್ಲಿ ದಾಖಲಿಸುವುದು ಕಡ್ಡಾಯವಾದರೆ, ಅಂಕದ ಗಡಿ ಹಾಕದೆಯೂ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.